ಚಳ್ಳಕೆರೆ ಲೈಸೆನ್ಸ್, ರಾಯದುರ್ಗದ ಶೆಡ್ಡು

"ಇದಿ ಇಕ್ಕಡ ಚೆಲ್ಲದು" ಎಂದು ಆಂಧ್ರದ ರಾಯದುರ್ಗದ ಕರೆಂಟ್ ಆಫೀಸಿನ ಅಧಿಕಾರಿ ನನ್ನ ಲೈಸೆನ್ಸಿನ ಜೆರಾಕ್ಸನ್ನು ನನ್ನ ಕಡೆಗೇ ಸರಿಸಿದರು.

ತೆಲುಗು ನನಗೆ ಚೆನ್ನಾಗಿಯೇ ಬರುತ್ತದೆ. ಚಳ್ಳಕೆರೆ ಸೀಮೆಯಲ್ಲಿ ಬೆಳೆದವರು ಅದನ್ನು ಬೇರೆಯಾಗಿ ಕಲಿಯಬೇಕಾಗಿಲ್ಲ. ಚೆಲ್ಲದು ಅಂದರೆ ನಮ್ಮ 'ಸಲ್ಲದು'. ಮಾತು ಅರ್ಥವಾಯಿತು. ಆದರೆ ಅದರ ಹಿಂದೆ ಎಷ್ಟು ದೊಡ್ಡ ಲೆಕ್ಕ ಇದೆ ಅನ್ನುವುದು ತಲೆಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ಇಪ್ಪತ್ತಮೂರು ದಿನ ಕೂತು ವೈರಿಂಗ್ ಮುಗಿಸಿದ್ದೆ. ಪ್ಯಾನೆಲ್ ನಿಂತಿತ್ತು, ಕೇಬಲ್ ಹಾಕಿಯಾಗಿತ್ತು, ಮೋಟಾರುಗಳು ಬೆಡ್ ಮೇಲೆ ಕೂತಿದ್ದವು. ಮೀಟರ್ ಬಂದರೆ ಸಾಕು, ಸ್ವಿಚ್ ಹಾಕುವುದೊಂದೇ ಬಾಕಿ ಎಂದುಕೊಂಡಿದ್ದೆ.

ನಾನು ಚಳ್ಳಕೆರೆಯಲ್ಲಿ ಎಲೆಕ್ಟ್ರಿಕಲ್ ಕಾಂಟ್ರ್ಯಾಕ್ಟರ್. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ. ಕರ್ನಾಟಕದ ಎರಡನೇ ದರ್ಜೆಯ ಲೈಸೆನ್ಸ್ ಇದೆ, ಒಂದು ಸಲವೂ ರಿನೀವಲ್ ತಪ್ಪಿಸಿಲ್ಲ. ಎಣ್ಣೆ ಮಿಲ್ಲು, ಮನೆ, ಕಲ್ಯಾಣ ಮಂಟಪ, ತೋಟದ ಪಂಪ್‌ಸೆಟ್ಟು, ಎಲ್ಲವನ್ನೂ ಮಾಡಿದ್ದೇನೆ. ಬೆಸ್ಕಾಂ ಸೆಕ್ಷನ್ ಆಫೀಸಿನಲ್ಲಿ ನನ್ನ ಕಂಪ್ಲೀಷನ್ ರಿಪೋರ್ಟ್, ಅಂದರೆ ವೈರಿಂಗ್ ಮುಗಿದು ಪರೀಕ್ಷೆಯಾಗಿದೆ ಅನ್ನುವ ಕಾಗದ, ನೋಡಿದರೆ ಜಾಸ್ತಿ ಪ್ರಶ್ನೆ ಕೇಳುವುದಿಲ್ಲ. ಆ ನಂಬಿಕೆಯನ್ನು ಕಷ್ಟಪಟ್ಟು ಗಳಿಸಿದ್ದೇನೆ. ಅದರ ಕಥೆಯನ್ನು ಮುಂದೆ ಹೇಳುತ್ತೇನೆ.

ನಮ್ಮೂರಿನ ಮಿಲ್ ಸಾವ್ಕಾರರೊಬ್ಬರು ರಾಯದುರ್ಗದ ಹೊರಗೆ ಜಾಗ ತಗೊಂಡರು. ಅಲ್ಲೇ ಶೇಂಗಾ ಸುಲಿದು, ಬೀಜ ಮಾತ್ರ ಚಳ್ಳಕೆರೆಗೆ ತರಬೇಕು ಅನ್ನುವುದು ಅವರ ಯೋಚನೆ. ಅನಂತಪುರ ಜಿಲ್ಲೆಯಲ್ಲಿ ಶೇಂಗಾಕ್ಕೇನು ಕಡಿಮೆ? ಸಿಪ್ಪೆಯ ಸಮೇತ ಲಾರಿ ತುಂಬಿಸುವ ಬದಲು ಬೀಜ ತುಂಬಿಸಿದರೆ ಬಾಡಿಗೆ ಉಳಿಯುತ್ತದೆ. ಸುಲಿಯುವ ಮಿಷನ್ನಿಗೆ 20 ಎಚ್‌ಪಿ ಮೋಟಾರು, ಎಲಿವೇಟರ್, ಜರಡಿ, ಬ್ಲೋಯರ್ ಎಲ್ಲ ಸೇರಿ ಒಟ್ಟು 38 ಎಚ್‌ಪಿ. ನನಗೆ ಹೊಸ ಕೆಲಸವೇನೂ ಅಲ್ಲ. "ತಮ್ಮಾ, ನಮ್ಮ ಮಿಲ್ಲಿಗೆ ಮಾಡಿದ ಹಾಗೇ ಮಾಡಿಬಿಡು" ಎಂದರು. ಆಯ್ತು ಸಾವ್ಕಾರ್ರೆ ಎಂದೆ. ಅಡ್ವಾನ್ಸ್ ತಗೊಂಡೆ. ರಾಜ್ಯ ಬೇರೆ ಅನ್ನುವುದು ಒಂದು ಸಲವೂ ಮನಸ್ಸಿಗೆ ಬರಲಿಲ್ಲ.

ಬರದೇ ಇದ್ದದ್ದಕ್ಕೆ ಕಾರಣವೂ ಇದೆ. ಮೊಳಕಾಲ್ಮೂರಿನಿಂದ ರಾಯದುರ್ಗ ಎಷ್ಟು ದೂರ? ಅರ್ಧ ಗಂಟೆಯೂ ಬೇಡ. ಸಂತೆಗೆ, ಮದುವೆಗೆ, ಜೀನ್ಸ್ ಪ್ಯಾಂಟ್ ಹೊಲಿಸುವುದಕ್ಕೆ ಹೋಗಿ ಬರುತ್ತಲೇ ಇರುತ್ತೇವೆ. ಅಲ್ಲಿ ಕನ್ನಡ ಮಾತಾಡಿದರೆ ಕನ್ನಡದಲ್ಲೇ ಉತ್ತರ ಬರುತ್ತದೆ. 1953ರವರೆಗೆ ರಾಯದುರ್ಗ ಬಳ್ಳಾರಿ ಜಿಲ್ಲೆಯ ತಾಲ್ಲೂಕು. ಆ ವರ್ಷ ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು, ಉಳಿದ ಬಳ್ಳಾರಿ ಮೈಸೂರಿಗೆ ಬಂತು. ನಮ್ಮಜ್ಜನ ಅಕ್ಕನನ್ನು ಕೊಟ್ಟ ಊರು ಅದು. ನಮ್ಮ ಮನೆಯಲ್ಲಿ ಅದನ್ನು ಪರರಾಜ್ಯ ಎಂದು ಯಾರೂ ಕರೆದದ್ದಿಲ್ಲ.

ಕರೆಂಟೂ ಅದೇ ಅಲ್ವಾ? ಅಲ್ಲೂ 50 ಹರ್ಟ್ಸ್, ಇಲ್ಲೂ 50 ಹರ್ಟ್ಸ್. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ ಲೈನ್ ಚಾರ್ಜ್ ಆದ ಮೇಲೆ ಇಡೀ ದೇಶದ ಗ್ರಿಡ್ಡೇ ಒಂದಾಗಿದೆ. ಕೆಂಪು, ಹಳದಿ, ನೀಲಿ ಫೇಸು, ಕಪ್ಪು ನ್ಯೂಟ್ರಲ್, ಹಸಿರು ಅರ್ಥ್. ಐಎಸ್‌ಐ ಮಾರ್ಕಿನ ಅದೇ ವೈರು. ಹಾಗಾಗಿ ಕೆಲಸದಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ವ್ಯತ್ಯಾಸ ಇದ್ದದ್ದು ಕಾಗದದಲ್ಲಿ. ಅಲ್ಲಿಗೆ ನಾನು ಕೊನೆಯಲ್ಲಿ ಹೋದೆ, ಮೊದಲು ಹೋಗಬೇಕಿತ್ತು.

ಆ ಅಧಿಕಾರಿ ಒಳ್ಳೆಯವರು. ಬೈಯಲಿಲ್ಲ, ಸತಾಯಿಸಲಿಲ್ಲ. ಅರ್ಜಿ ಸರಿ ಇದೆ, ಲೋಡ್ ಲೆಕ್ಕ ಸರಿ ಇದೆ, ಆದರೆ ಟೆಸ್ಟ್ ರಿಪೋರ್ಟಿನ ಮೇಲೆ ಆಂಧ್ರದ ಲೈಸೆನ್ಸ್ ಇರುವ ಕಾಂಟ್ರ್ಯಾಕ್ಟರ್ ಸಹಿ ಬೇಕು ಎಂದರು. ನಾನು ನನ್ನ ಅನುಭವ ಹೇಳಿಕೊಂಡೆ. "ಅನುಭವ ಬೇರೆ, ಅಧಿಕಾರ ಬೇರೆ ಅಣ್ಣಾ" ಎಂದು ಕನ್ನಡದಲ್ಲೇ ಅಂದರು. ಆಮೇಲೆ ಇನ್ನೊಂದು ಮಾತು ಸೇರಿಸಿದರು. ಲೈಸೆನ್ಸ್ ಇಲ್ಲದವರು ಮಾಡಿದ ಕೆಲಸಕ್ಕೆ ನಾವು ಲೈನ್ ಕೊಡುವ ಹಾಗೇ ಇಲ್ಲ, ಕೊಟ್ಟರೆ ತಪ್ಪು ನಮ್ಮದೂ ಆಗುತ್ತದೆ.

ಹೊರಗೆ ಬಂದೆ. ಟೀ ಅಂಗಡಿಯಲ್ಲಿ ಕೂತೆ. ಒಳಗೆ ನಡೆದದ್ದನ್ನೆಲ್ಲ ಕೇಳಿಸಿಕೊಂಡವನೊಬ್ಬ ಪಕ್ಕಕ್ಕೆ ಬಂದು ಕೂತ. "ಅದಕ್ಕೆ ಯಾಕಣ್ಣಾ ತಲೆ ಕೆಡಿಸ್ಕೊಂತೀಯಾ? ನಾಲ್ಕು ಸಾವಿರ ಕೊಡು. ಇಲ್ಲಿಯ ಲೈಸೆನ್ಸಿನವರ ಸಹಿ, ಸೀಲು ಸಂಜೆಯೊಳಗೆ ಹಾಕಿಸಿ ಕೊಡ್ತೀನಿ. ಅವರು ಬಂದು ನೋಡೋದೂ ಇಲ್ಲ."

ನಾಲ್ಕು ಸಾವಿರ ನನ್ನ ಜೇಬಿನಲ್ಲೇ ಇತ್ತು.

ಇಲ್ಲಿ ನಾನು ಒಂದು ಹಳೇ ವಿಷಯ ಹೇಳಬೇಕು. ಮನೆಯವಳನ್ನು ಬಿಟ್ಟರೆ ಇದನ್ನು ಜಾಸ್ತಿ ಜನರಿಗೆ ಹೇಳಿಲ್ಲ. ಲೈಸೆನ್ಸ್ ಬಂದ ಎರಡನೇ ವರ್ಷ. ಕೈಯಲ್ಲಿ ಕೆಲಸ ಕಡಿಮೆ, ಮನೆಯಲ್ಲಿ ಖರ್ಚು ಜಾಸ್ತಿ. ಗೊತ್ತಿದ್ದವನೊಬ್ಬ ಹಳ್ಳಿಯ ಹಿಟ್ಟಿನ ಗಿರಣಿಯೊಂದಕ್ಕೆ ವೈರಿಂಗ್ ಮಾಡಿದ್ದ. ಅವನಿಗೆ ಲೈಸೆನ್ಸ್ ಇರಲಿಲ್ಲ. "ಬರೀ ಒಂದು ಸಹಿ ಅಣ್ಣಾ, ಕೆಲಸ ನೀಟಾಗಿದೆ" ಎಂದ. ನಾನು ಹೋಗಿ ನೋಡಲಿಲ್ಲ. ಐನೂರು ರೂಪಾಯಿ ತಗೊಂಡು ಕಂಪ್ಲೀಷನ್ ರಿಪೋರ್ಟಿಗೆ ಸಹಿ ಹಾಕಿದೆ. ಇನ್‌ಸುಲೇಷನ್ ಇಷ್ಟು, ಅರ್ಥ್ ಇಷ್ಟು ಎಂದು ಅಂಕಿಗಳನ್ನೂ ಕೂತಲ್ಲೇ ಬರೆದೆ. ಇನ್‌ಸುಲೇಷನ್ ಅಳೆಯುವ ಮೆಗ್ಗರ್ ಚೀಲದಿಂದ ಹೊರಗೇ ಬರಲಿಲ್ಲ.

ಮಳೆಗಾಲದಲ್ಲಿ ಒಂದು ದಿನ ಫೋನ್ ಬಂತು. ಗಿರಣಿಯವರ ಮಗಳಿಗೆ ಶಾಕ್ ಹೊಡೆದಿತ್ತು. ಹತ್ತನೇ ಕ್ಲಾಸಿನ ಹುಡುಗಿ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಮೋಟಾರಿನ ಮೈ ಮುಟ್ಟಿದ್ದಳು. ನಾನು ಹೋಗಿ ನೋಡಿದರೆ ಅರ್ಥ್ ವೈರು ಗೋಡೆಯುದ್ದಕ್ಕೂ ಚೆಂದವಾಗಿ ಬಂದಿತ್ತು. ಮೋಟಾರಿನ ಹತ್ತಿರ ಬಂದು ಬೋಲ್ಟಿಗೆ ಸಿಕ್ಕಿಸದೆ ಸುಮ್ನೆ ಸುತ್ತಿಟ್ಟಿದ್ದರು. ಒಂದು ನಟ್ಟು ಬಿಗಿ ಮಾಡಿದ್ದರೆ ಸಾಕಿತ್ತು. ದೇವರು ದೊಡ್ಡವನು, ಹುಡುಗಿ ಬದುಕಿದಳು. ಆದರೆ ಬಲಗೈಯ ಎರಡು ಬೆರಳು ಇವತ್ತಿಗೂ ಪೂರ್ತಿ ಮಡಚುವುದಿಲ್ಲ. ಅವಳಿಗೆ ಈಗ ಮದುವೆಯಾಗಿದೆ. ಊರಿನ ಜಾತ್ರೆಯಲ್ಲಿ ಸಿಕ್ಕಾಗ "ಚೆನ್ನಾಗಿದ್ದೀರಾ ಅಣ್ಣಾ" ಎಂದು ಮಾತಾಡಿಸುತ್ತಾಳೆ. ಆ ರಿಪೋರ್ಟಿನ ಮೇಲೆ ನನ್ನ ಸಹಿ ಇತ್ತು ಅನ್ನುವುದು ಅವಳಿಗೆ ಗೊತ್ತಿಲ್ಲ. ಅವಳ ಅಪ್ಪನಿಗೆ ನಾನೇ ಹೋಗಿ ಹೇಳಿದ್ದೆ. ಅವರು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ "ಇನ್ನೊಬ್ಬರ ಮನೆಗೆ ಹಿಂಗೆ ಮಾಡಬ್ಯಾಡಪ್ಪಾ" ಎಂದರು, ಅಷ್ಟೇ.

ಅವತ್ತಿನಿಂದ ನೋಡದ ಕೆಲಸಕ್ಕೆ ಸಹಿ ಹಾಕಿಲ್ಲ. ಈಗ ಟೀ ಅಂಗಡಿಯಲ್ಲಿ ಕೂತವನು ಅದೇ ತರಹದ ಸಹಿಯನ್ನು ಇನ್ನೊಬ್ಬರಿಂದ ಕೊಂಡುಕೊಳ್ಳಲು ಹೇಳುತ್ತಿದ್ದ. ಬೇಡ ಎಂದು ಎದ್ದು ಬಂದೆ. ಬಸ್ಸಿನಲ್ಲಿ ಚಳ್ಳಕೆರೆಯವರೆಗೂ ಸಾವ್ಕಾರರಿಗೆ ಏನು ಹೇಳುವುದು ಅನ್ನುವುದೇ ಯೋಚನೆ. ದಸರಾ ಹೊತ್ತಿಗೆ ಮಿಷನ್ ತಿರುಗಬೇಕು ಎಂದಿದ್ದರು. ಆಗಲೇ ಶ್ರಾವಣ ಮುಗಿಯುತ್ತಾ ಬಂದಿತ್ತು.

ಸಾವ್ಕಾರರಿಗೆ ಅವತ್ತೇ ರಾತ್ರಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಸಿಟ್ಟಾದರು. ಆಗಬೇಕಾದ್ದೇ. "ಮೊದಲೇ ವಿಚಾರಿಸಬಾರದಿತ್ತಾ?" ಎಂದರು. ವಿಚಾರಿಸಬೇಕಿತ್ತು ಎಂದೆ. ಹದಿನೈದು ದಿನ ಕೊಡಿ, ದಾರಿ ಹುಡುಕುತ್ತೇನೆ ಎಂದು ಕೇಳಿಕೊಂಡೆ.

ಮರುದಿನ ಚಿತ್ರದುರ್ಗಕ್ಕೆ ಹೋದೆ. ನನಗೆ ಈ ಕೆಲಸ ಕಲಿಸಿದ ಗುರುಗಳು ಅಲ್ಲಿದ್ದಾರೆ. ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳಿ ನಿವೃತ್ತರಾದವರು. ನಿಯಮದ ಪುಸ್ತಕ ತೆಗೆದು ಮುಂದೆ ಇಟ್ಟರು. ಮೊದಲು ಇದ್ದದ್ದು 1956ರ ಇಂಡಿಯನ್ ಎಲೆಕ್ಟ್ರಿಸಿಟಿ ರೂಲ್ಸ್. ಅದರ 45ನೇ ನಿಯಮವನ್ನು ನಾನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. 2010ರಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು ಅದರ ಜಾಗಕ್ಕೆ ಬಂದವು. 2023ರಲ್ಲಿ ಅವೂ ಹೊಸದಾದವು. ಪುಸ್ತಕ ಬದಲಾದರೂ ಈ ವಿಷಯದಲ್ಲಿ ತಿರುಳು ಬದಲಾಗಿಲ್ಲ. "ಬಾಯಿಪಾಠ ಮಾಡಿದ್ದೆ ಅಲ್ವಾ, ಈಗ ಒಂದೊಂದೇ ಪದ ಬಿಡಿಸಿ ಓದು" ಎಂದರು.

ಓದಿದೆ. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಬದಲಾಯಿಸುವಂಥ ಸಣ್ಣ ಕೆಲಸ ಬಿಟ್ಟರೆ ಯಾವ ವೈರಿಂಗ್ ಕೆಲಸಕ್ಕೂ ಮೂರು ಜನ ಬೇಕು. ಒಬ್ಬ ಕಾಂಟ್ರ್ಯಾಕ್ಟರ್. ಅವನಿಗೆ ರಾಜ್ಯ ಸರ್ಕಾರ ಕೊಟ್ಟ ಲೈಸೆನ್ಸ್ ಇರಬೇಕು. ಇನ್ನೊಬ್ಬ ಸೂಪರ್‌ವೈಸರ್. ಅವನಿಗೆ ಸಾಮರ್ಥ್ಯದ ಸರ್ಟಿಫಿಕೇಟ್ ಇರಬೇಕು, ಕೆಲಸ ಅವನ ಕಣ್ಣೆದುರೇ ನಡೆಯಬೇಕು. ಮೂರನೆಯವನು ಕೈ ಹಾಕುವ ವೈರ್‌ಮನ್. ಅವನಿಗೆ ಪರ್ಮಿಟ್ ಇರಬೇಕು. ಪರ್ಮಿಟ್‌ಗೆ ಬಂದಾಗ ಮಾತು ಸ್ವಲ್ಪ ಬೇರೆ: ರಾಜ್ಯ ಸರ್ಕಾರ 'ಕೊಟ್ಟ' ಪರ್ಮಿಟ್ ಅಥವಾ ರಾಜ್ಯ ಸರ್ಕಾರ 'ಮಾನ್ಯ ಮಾಡಿದ' ಪರ್ಮಿಟ್.

ಗುರುಗಳು ಆ ಎರಡು ಪದದ ಕೆಳಗೆ ಪೆನ್ಸಿಲ್ ಗೆರೆ ಎಳೆದರು. ಕೈಕೆಲಸದವನ ಪರ್ಮಿಟ್ ಬೇರೆ ರಾಜ್ಯದ್ದಾದರೂ ಅಲ್ಲಿಯ ಸರ್ಕಾರ ಒಪ್ಪಿಕೊಳ್ಳಲು ಬಾಗಿಲು ಇದೆ. ಕೇಳಬೇಕು, ಅವರು ಒಪ್ಪಬೇಕು. ಆದರೆ ಕಾಂಟ್ರ್ಯಾಕ್ಟರನಿಗೆ ಆ ಮಾತು ಬರೆದಿಲ್ಲ. ಅವನು ಲೈಸೆನ್ಸನ್ನೇ ತಗೊಳ್ಳಬೇಕು. ಹತ್ತೊಂಬತ್ತು ವರ್ಷ ಈ ವಾಕ್ಯದಿಂದಲೇ ಅನ್ನ ತಿಂದಿದ್ದೇನೆ, ಇದನ್ನು ಗಮನಿಸಿರಲಿಲ್ಲ.

ಅದರ ಮುಂದಿನ ಸಾಲೇ ಆ ಅಧಿಕಾರಿ ಹೇಳಿದ ಮಾತು. ಈ ನಿಯಮ ಮೀರಿ ಮಾಡಿದ ಕೆಲಸಕ್ಕೆ ಕರೆಂಟ್ ಕೊಡಬಾರದು, ಲೈನಿಗೆ ಜೋಡಿಸಬಾರದು.

ನನಗೆ ಒಂದು ಪ್ರಶ್ನೆ ಇತ್ತು, ಕೇಳಿಯೇಬಿಟ್ಟೆ. ಕೇಂದ್ರದ ನಿಯಮ ಇಡೀ ದೇಶಕ್ಕೆ ಒಂದೇ ಅಂದ ಮೇಲೆ ಲೈಸೆನ್ಸ್ ಯಾಕೆ ರಾಜ್ಯಕ್ಕೊಂದು? ಗುರುಗಳು ಸಮಾಧಾನವಾಗಿ ಹೇಳಿದರು. ಸಂವಿಧಾನದಲ್ಲಿ ವಿದ್ಯುತ್ತು ಕೇಂದ್ರ, ರಾಜ್ಯ ಇಬ್ಬರಿಗೂ ಸೇರಿದ ಪಟ್ಟಿಯಲ್ಲಿದೆ. ನಿಯಮ ಕೇಂದ್ರದ್ದು. ಆದರೆ ಅಪಘಾತವಾದರೆ ಬಂದು ನೋಡುವ ಇನ್‌ಸ್ಪೆಕ್ಟರ್ ರಾಜ್ಯದವರು. ತಪ್ಪು ಮಾಡಿದ ಕಾಂಟ್ರ್ಯಾಕ್ಟರನನ್ನು ಕರೆಸಿ ಕೇಳುವವರು, ಅವನ ಲೈಸೆನ್ಸ್ ತಡೆಹಿಡಿಯುವವರು ರಾಜ್ಯದ ಮಂಡಳಿಯವರು. "ನೀನು ರಾಯದುರ್ಗದಲ್ಲಿ ತಪ್ಪು ಮಾಡಿ ಚಳ್ಳಕೆರೆಗೆ ಬಂದು ಕೂತರೆ ಅಲ್ಲಿಯವರು ಯಾರನ್ನು ಕೇಳಬೇಕು?"

ಆ ಪ್ರಶ್ನೆ ಕೇಳಿದ ಮೇಲೆ ನನ್ನ ಸಿಟ್ಟು ಇಳಿಯಿತು. ಗಿರಣಿಯ ಹುಡುಗಿಯ ಅಪ್ಪ ನನ್ನನ್ನು ಕೇಳಬಹುದಿತ್ತು, ಯಾಕಂದರೆ ನಾನು ಅಲ್ಲೇ ಇದ್ದೆ. ಲೈಸೆನ್ಸ್ ಅಂದರೆ ಕೆಲಸ ಬರುತ್ತದೆ ಅನ್ನುವುದಕ್ಕೆ ಕೊಟ್ಟ ಸರ್ಟಿಫಿಕೇಟ್ ಎಂದು ಅಲ್ಲಿಯವರೆಗೆ ತಿಳಿದಿದ್ದೆ. ಅದು ಈ ಮನುಷ್ಯ ಕೈಗೆ ಸಿಗುತ್ತಾನೆ ಅನ್ನುವುದಕ್ಕೂ ಹೌದು.

ಇನ್ನು ದಾರಿ ಏನು? ಆಂಧ್ರದ ಲೈಸೆನ್ಸಿಗೆ ಅರ್ಜಿ ಹಾಕಬಹುದು, ಆದರೆ ಅದು ದಸರಾದೊಳಗೆ ಆಗುವ ಮಾತಲ್ಲ. ಉಳಿದದ್ದು ಒಂದೇ. ಅಲ್ಲಿಯ ಲೈಸೆನ್ಸ್ ಇರುವ ಕಾಂಟ್ರ್ಯಾಕ್ಟರಿಗೆ ಕೆಲಸವನ್ನೇ ಒಪ್ಪಿಸುವುದು. ಸಹಿಯನ್ನಲ್ಲ, ಕೆಲಸವನ್ನು.

ರಾಯದುರ್ಗದಲ್ಲಿ ನಾಲ್ಕು ಜನರನ್ನು ವಿಚಾರಿಸಿ ಹಿರಿಯರೊಬ್ಬರ ಮನೆಗೆ ಹೋದೆ. ವಯಸ್ಸು ಅರವತ್ತು ದಾಟಿದೆ. ಅಂಗಳದಲ್ಲಿ ಅರ್ಥ್ ಪೈಪುಗಳಿಗೆ ತೂತು ಹಾಕಿಸುತ್ತಿದ್ದರು. ಕೂರಿಸಿ, ಮಜ್ಜಿಗೆ ಕೊಟ್ಟು, ಕಥೆಯನ್ನೆಲ್ಲ ಕೇಳಿದರು. ನಾನು ಹಣದ ಮಾತು ತೆಗೆಯುವ ಮೊದಲೇ "ನೋಡದೆ ನಾನು ಸಹಿ ಹಾಕುವುದಿಲ್ಲ, ಅದು ಗೊತ್ತಿರಲಿ" ಎಂದರು. ಅದಕ್ಕೇ ನಿಮ್ಮ ಹತ್ತಿರ ಬಂದೆ ಅಣ್ಣಾ ಎಂದೆ. ಇನ್ನೊಂದು ಷರತ್ತು ಹಾಕಿದರು. ಸಾವ್ಕಾರರು ವರ್ಕ್ ಆರ್ಡರನ್ನು ಅವರ ಹೆಸರಿಗೇ ಕೊಡಬೇಕು. ಅವರ ಸೂಪರ್‌ವೈಸರ್ ನಿಲ್ಲುತ್ತಾರೆ. ಬಿಚ್ಚಿ ಕಟ್ಟುವ ಕೆಲಸಕ್ಕೆಲ್ಲ ಅವರ ಪರ್ಮಿಟ್ ಹುಡುಗರೇ ಕೈ ಹಾಕುತ್ತಾರೆ. ನನ್ನ ಹುಡುಗರಿಗೆ ಆಂಧ್ರದ ಮಾನ್ಯತೆ ಬರುವವರೆಗೆ ಅವರು ಸಾಮಾನು ಹೊರಬಹುದು, ಗುಂಡಿ ತೋಡಬಹುದು, ವೈರಿಗೆ ಕೈ ಹಾಕುವಂತಿಲ್ಲ. ನನ್ನ ಹುಡುಗರಿಬ್ಬರಿಗೂ ಬೇಜಾರಾಯಿತು. ಎಂಟು ವರ್ಷದಿಂದ ಕೆಲಸ ಮಾಡುತ್ತಿರುವವರು ಅವರು. ಆದರೆ ಒಪ್ಪಿಕೊಂಡರು.

ಎರಡು ದಿನ ಬಿಟ್ಟು ಹಿರಿಯರು ಶೆಡ್ಡಿಗೆ ಬಂದರು. ಕೈಯಲ್ಲಿ ಟಾರ್ಚು, ಹೆಗಲಿಗೆ ಮೆಗ್ಗರ್. ಪ್ಯಾನೆಲ್ಲಿನ ಬಾಗಿಲು ತೆಗೆದು ಐದು ನಿಮಿಷ ಸುಮ್ಮನೆ ನೋಡಿದರು. "ಕೈ ಚೆನ್ನಾಗಿದೆ" ಎಂದರು. ನನಗೆ ಜೀವ ಬಂದ ಹಾಗಾಯಿತು. ಆಮೇಲೆ ಒಂದೊಂದೇ ಶುರುವಾಯಿತು. ಎರಡು ಕಡೆ ಪೈಪು ಬಿಚ್ಚಿಸಿ ವೈರು ಎಳೆಸಿ ನೋಡಿದರು, ಒಳಗೆ ಜಾಯಿಂಟ್ ಇದೆಯಾ ಎಂದು. ಇರಲಿಲ್ಲ. ಮೀಟರಿನಿಂದ ಪ್ಯಾನೆಲ್ಲಿಗೆ ಬಂದ 35 ಸ್ಕ್ವೇರ್ ಎಂಎಂ ಅಲ್ಯೂಮಿನಿಯಂ ಕೇಬಲ್ಲನ್ನು ಹಿಡಿದಿಡುವ ಗ್ಲ್ಯಾಂಡ್ ಬಿಗಿಯಾಗಿದೆಯಾ ಎಂದು ಕೈಯಿಂದ ಅಲ್ಲಾಡಿಸಿದರು. ಮೋಟಾರಿನ ಮೇಲೆ ಲೋಡ್ ಜಾಸ್ತಿಯಾದರೆ ಕರೆಂಟ್ ಕಡಿಯುವ, ಸ್ಟಾರ್-ಡೆಲ್ಟಾ ಸ್ಟಾರ್ಟರಿನ ಓವರ್‌ಲೋಡ್ ರಿಲೇ ಎಷ್ಟಕ್ಕೆ ಇಟ್ಟಿದ್ದೀಯಾ ಎಂದು ಕೇಳಿದರು.

ಆಮೇಲೆ ದೊಡ್ಡ ಮೋಟಾರಿನ ಹತ್ತಿರ ಬಗ್ಗಿದರು. ಅಲ್ಲೇ ನಿಂತರು.

ಮೂರು ಫೇಸಿನ ಮೋಟಾರಿನ ಮೈಗೆ ಎರಡು ಅರ್ಥ್ ಕೊಡಬೇಕು. ಅದು ಈ ಕೆಲಸದ ಅಕ್ಷರಾಭ್ಯಾಸ. ನಾನು ಎರಡು ಲೋಹದ ಪಟ್ಟಿ ಕೊಟ್ಟಿದ್ದೆ. ಆದರೆ ಶೆಡ್ಡಿನ ಹಿಂದೆ ಬಂಡೆ ಸಿಕ್ಕಿತ್ತು. ಪಟ್ಟಿ ಇಳಿಸುವ ಎರಡನೇ ಅರ್ಥ್ ಗುಂಡಿ ಆಳ ಹೋಗಲಿಲ್ಲ. ಆಮೇಲೆ ಮಾಡೋಣ ಎಂದು ಎರಡೂ ಪಟ್ಟಿಗಳನ್ನು ಒಂದೇ ಗುಂಡಿಗೆ ಇಳಿಸಿದ್ದೆ. ಕೆಲಸದ ಗಡಿಬಿಡಿಯಲ್ಲಿ ಆ 'ಆಮೇಲೆ' ಮರೆತೇಹೋಗಿತ್ತು. ಹಿರಿಯರು ಪಟ್ಟಿ ಹಿಡಿದುಕೊಂಡೇ ಗೋಡೆಯ ಆಚೆ ಹೋಗಿ ಬಂದರು. "ಎರಡು ದಾರಿ, ಒಂದೇ ಮನೆ. ಆ ಒಂದು ಪೈಪು ತುಕ್ಕು ಹಿಡಿದರೆ?" ಎಂದರು. ನಿಯಮದಲ್ಲಿ ಇರುವುದು ಬೇರೆ ಬೇರೆಯಾದ ಎರಡು ಜೋಡಣೆ. ನಾನು ಕಣ್ಣಿಗೆ ಎರಡು ಕಾಣುವ ಹಾಗೆ ಮಾಡಿದ್ದೆ, ಅಷ್ಟೇ.

ಗಿರಣಿಯ ಹುಡುಗಿಯ ಕೈ ನೆನಪಾಯಿತು. ನಾಲ್ಕು ಸಾವಿರ ಕೊಟ್ಟಿದ್ದರೆ ಈ ಗುಂಡಿಯನ್ನು ಯಾರೂ ನೋಡುತ್ತಿರಲಿಲ್ಲ. ನಾನೂ ಮತ್ತೆ ನೋಡುತ್ತಿರಲಿಲ್ಲ.

ಗುಂಡಿಗೆ ಹೊಸ ಜಾಗ ಹುಡುಕಿದೆವು. ಶೆಡ್ಡಿನ ಮೂಲೆಯಲ್ಲಿ ನೀರಿನ ತೊಟ್ಟಿಯ ಪಕ್ಕ ಮಣ್ಣು ಮೆತ್ತಗಿತ್ತು. 2.5 ಮೀಟರ್ ಜಿಐ ಪೈಪು ಇಳಿಸಿ, ಇದ್ದಿಲು, ಉಪ್ಪು ಪದರ ಪದರವಾಗಿ ತುಂಬಿದೆವು. ನನ್ನ ಹುಡುಗರು ತೋಡಿದರು, ಅವರ ಹುಡುಗರು ಪಟ್ಟಿ ಬಿಗಿದರು. ಮೊದಲ ಸಲ ಅರ್ಥ್ ಟೆಸ್ಟರ್ ಇಟ್ಟಾಗ 9 ಓಮ್ ತೋರಿಸಿತು. ಆ ಸೀಮೆಯ ನೆಲವೇ ಹಾಗೆ, ಒಣಗಿದ ಗರಸು. ಮೂರು ದಿನ ನೀರು ಹಾಕಿ ಬಿಟ್ಟ ಮೇಲೆ 3ಕ್ಕಿಂತ ಕೆಳಗೆ ಬಂತು. ಬೇಸಿಗೆಯಲ್ಲೂ ತಿಂಗಳಿಗೆ ಎರಡು ಸಲ ನೀರು ಹಾಕಬೇಕು ಎಂದು ಸಾವ್ಕಾರರ ವಾಚ್‌ಮನ್‌ಗೆ ಹೇಳಿ, ಗುಂಡಿಯ ಮುಚ್ಚಳದ ಮೇಲೆ ಬಣ್ಣದಲ್ಲಿ ಬರೆಸಿದೆವು.

ಮೆಗ್ಗರ್ ಹಿಡಿದ ದಿನ ಇನ್ನೊಂದು ತೊಂದರೆ ಕಂಡಿತು. 500 ವೋಲ್ಟ್ ಡಿಸಿ ಒಂದು ನಿಮಿಷ ಕೊಟ್ಟಾಗ ಇನ್‌ಸುಲೇಷನ್ ಕನಿಷ್ಠ 1 ಮೆಗಾ ಓಮ್ ಬರಬೇಕು. ಲೈಟಿನ ಸರ್ಕ್ಯೂಟು, ಸಣ್ಣ ಮೋಟಾರು ಎಲ್ಲದರಲ್ಲೂ ಮುಳ್ಳು ಆರಾಮಾಗಿ ಮೇಲೆ ಹೋಗಿ ನಿಂತಿತು. ಬ್ಲೋಯರ್ ಮೋಟಾರಿನಲ್ಲಿ ಮಾತ್ರ 0.4ರ ಹತ್ತಿರವೇ ಒದ್ದಾಡಿತು. ಅದು ಚಳ್ಳಕೆರೆಯ ಮಿಲ್ಲಿನಲ್ಲಿ ಇದ್ದ ಹಳೇ ಮೋಟಾರು. ಗೋಡೌನಿನಲ್ಲಿ ಎರಡು ಮಳೆಗಾಲ ಕಳೆದಿತ್ತು. ಕೇಬಲ್ ಬಿಚ್ಚಿ ಬೇರೆ ಮಾಡಿ ನೋಡಿದರೆ ಕೇಬಲ್ ಸರಿ ಇತ್ತು, ತೇವ ಇದ್ದದ್ದು ವೈಂಡಿಂಗಿನಲ್ಲಿ. ಮುಚ್ಚಳ ತೆಗೆದು, ಒಳಗೆ ಎರಡು 200 ವ್ಯಾಟಿನ ಬಲ್ಬು ಉರಿಸಿ, ಮೇಲೆ ತಾಡಪಾಲು ಹೊದಿಸಿ ರಾತ್ರಿಯಿಡೀ ಬಿಟ್ಟೆವು. ಪಕ್ಕದ ಶೆಡ್ಡಿನ ಜನರೇಟರಿನಿಂದ ಕರೆಂಟ್ ತಗೊಂಡದ್ದು. ಬೆಳಗ್ಗೆ ಮೆಗ್ಗರ್ ಇಟ್ಟರೆ 6 ಮೆಗಾ ಓಮ್. ಹಿರಿಯರು ಅಂಕಿ ಬರೆದುಕೊಂಡರು. 0.4 ಬಂದಿತ್ತು ಅನ್ನುವುದನ್ನೂ, ಒಣಗಿಸಿದ್ದನ್ನೂ ಅದೇ ಹಾಳೆಯಲ್ಲಿ ಬರೆದರು. ಅದನ್ನು ಯಾಕೆ ಬರೆಯುತ್ತೀರಿ ಎಂದು ಕೇಳಿದೆ. "ಮುಂದಿನ ವರ್ಷ ಈ ಮೋಟಾರು ನೋಡುವವನಿಗೆ ಗೊತ್ತಾಗಬೇಕಲ್ಲ" ಎಂದರು. ಈಗ ನಾನೂ ಹಾಗೇ ಬರೆಯುತ್ತೇನೆ.

ಲೆಕ್ಕಪತ್ರದ ಕಡೆಯಲ್ಲೂ ಕೆಲವು ಹುಳುಕುಗಳು ಹೊರಬಂದವು. ನಾನು ಜಿಎಸ್‌ಟಿಯಲ್ಲಿ ಸಣ್ಣ ವ್ಯವಹಾರದವರ ಕಾಂಪೋಸಿಷನ್ ಸ್ಕೀಮಿನಲ್ಲಿದ್ದೆ. ಆಡಿಟರ್ ಹತ್ತಿರ ಹೋದಾಗ ಅವರು ತಲೆ ಮೇಲೆ ಕೈ ಇಟ್ಟುಕೊಂಡರು. ಕಾಂಪೋಸಿಷನ್‌ನಲ್ಲಿ ಇರುವವರು ಬೇರೆ ರಾಜ್ಯಕ್ಕೆ ಬಿಲ್ ಮಾಡುವ ಹಾಗೇ ಇಲ್ಲ. ಕಟ್ಟಡದ ಕೆಲಸಕ್ಕೆ ಕಟ್ಟಡ ಯಾವ ರಾಜ್ಯದಲ್ಲಿದೆಯೋ ಅದೇ ಲೆಕ್ಕಕ್ಕೆ ಬರುತ್ತದೆ, ನಾನು ಎಲ್ಲಿ ಕೂತು ಬಿಲ್ ಬರೆದರೂ. ವರ್ಕ್ ಆರ್ಡರ್ ಹಿರಿಯರ ಹೆಸರಿಗೆ ಹೋದದ್ದು ಈ ವಿಷಯದಲ್ಲೂ ಒಳ್ಳೆಯದೇ ಆಯಿತು. ನಾನು ಬಿಲ್ ಇನ್ನೂ ಕೊಟ್ಟಿರಲಿಲ್ಲ. ಗಡಿಯಲ್ಲಿ ಹಳೇ ಕಾಲದ ತೆರಿಗೆ ಚೆಕ್‌ಪೋಸ್ಟ್ 2017ರ ಜುಲೈ ನಂತರ ಇಲ್ಲ, ಹಾಗೆಂದು ಕಾಗದ ಇಲ್ಲದೆ ಹೋಗಬಹುದು ಎಂದಲ್ಲ. ಸರಕಿನ ಬೆಲೆ 50,000 ರೂಪಾಯಿ ದಾಟಿದರೆ ಇ-ವೇ ಬಿಲ್ ಬೇಕು. ಕೇಬಲ್ ಡ್ರಮ್ ಕಳಿಸುವಾಗ ಅಂಗಡಿಯವರೇ ಅದನ್ನು ಮಾಡಿಕೊಟ್ಟಿದ್ದರಿಂದ ಬಚಾವಾದೆ. ಹುಡುಗರ ವಿಮೆಯ ಪಾಲಿಸಿಯಲ್ಲಿ ಕೆಲಸದ ಜಾಗ ಎಂದು ಚಿತ್ರದುರ್ಗ ಜಿಲ್ಲೆ ಮಾತ್ರ ಬರೆದಿತ್ತು. ಏಜೆಂಟರಿಗೆ ಹೇಳಿ ರಾಯದುರ್ಗವನ್ನೂ ಸೇರಿಸಿದೆ. ಇಪ್ಪತ್ತಮೂರು ದಿನ ಆ ಹುಡುಗರು ಏಣಿ ಹತ್ತಿ ಇಳಿದಿದ್ದಾರೆ. ಆಗ ಏನಾದರೂ ಆಗಿದ್ದರೆ ಎಂದು ಈಗಲೂ ಯೋಚಿಸಿದರೆ ಎದೆ ಝಲ್ ಅನ್ನುತ್ತದೆ.

ರಿಪೋರ್ಟು ಸೆಕ್ಷನ್ ಆಫೀಸಿಗೆ ಹೋಯಿತು. ಅದೇ ಅಧಿಕಾರಿ. ಹಾಳೆ ಹಾಳೆ ತಿರುವಿ ನೋಡಿ, ಸ್ಥಳಕ್ಕೆ ಬಂದು, ಎರಡೂ ಅರ್ಥ್ ಗುಂಡಿ ಹತ್ತಿರ ನಿಂತು ನೋಡಿದರು. ಮೀಟರ್ ಬಂತು. ನಮ್ಮ ಕಡೆ ಆರ್‌ಆರ್ ನಂಬರ್ ಅನ್ನುವುದನ್ನು ಅಲ್ಲಿ ಸರ್ವೀಸ್ ನಂಬರ್ ಅನ್ನುತ್ತಾರೆ. ಸಾವ್ಕಾರರು ಅದನ್ನು ಡೈರಿಯಲ್ಲಿ ಬರೆದುಕೊಂಡು, ಆಯುಧಪೂಜೆಯ ದಿನ ಬೂದುಗುಂಬಳ ಒಡೆದು ಮಿಷನ್ ಶುರು ಮಾಡಿದರು. ಕೈ ಖರ್ಚು, ಹಿರಿಯರ ಫೀಸು, ಮತ್ತೆ ಮಾಡಿದ ಕೆಲಸ ಎಲ್ಲ ಕಳೆದರೆ ನನಗೆ ಹದಿನೆಂಟು ಸಾವಿರ ಕೈಯಿಂದ ಹೋಗಿತ್ತು. ಅದನ್ನು ಸಾವ್ಕಾರರ ಮೇಲೆ ಹಾಕಲಿಲ್ಲ. ವಿಚಾರಿಸದೆ ಕೆಲಸ ಹಿಡಿದದ್ದು ನಾನು.

ಆಮೇಲೆ ಅನಂತಪುರಕ್ಕೆ ಮೂರು ಸಲ ಹೋಗಿ ಬಂದಿದ್ದೇನೆ, ಕಲ್ಯಾಣದುರ್ಗದ ಮೇಲೆ. ಹುಡುಗರಿಬ್ಬರ ಪರ್ಮಿಟ್ ಮಾನ್ಯ ಮಾಡಿಸಲು ಅರ್ಜಿ ಹಾಕಿದ್ದಾಗಿದೆ. ಅಸಲು ಪರ್ಮಿಟ್ ತೋರಿಸಿ, ನಕಲು ಕೊಟ್ಟು ಬಂದೆವು. ನನ್ನ ಲೈಸೆನ್ಸಿಗೂ ಕಾಗದ ಕೂಡಿಸುತ್ತಿದ್ದೇನೆ. ಆ ರಾಜ್ಯದಲ್ಲಿ ಒಂದು ವಿಳಾಸ ಬೇಕೆಂದರು. ರಾಯದುರ್ಗದಲ್ಲಿ ಬಸ್ ಸ್ಟ್ಯಾಂಡ್ ಹತ್ತಿರ ಸಣ್ಣ ಮಳಿಗೆ ಬಾಡಿಗೆಗೆ ತಗೊಂಡೆ. ಸುಮ್ನೆ ಬೋರ್ಡ್ ನೇತುಹಾಕಲು ಅಲ್ಲ, ವಾರದಲ್ಲಿ ಎರಡು ದಿನ ನಿಜವಾಗಿ ಕೂರುತ್ತೇನೆ. ಸಾಮರ್ಥ್ಯದ ಸರ್ಟಿಫಿಕೇಟ್ ಇರುವ ಸೂಪರ್‌ವೈಸರ್ ಬೇಕು ಎಂದರು. ಹಿರಿಯರ ಅಕ್ಕನ ಮಗ ಡಿಪ್ಲೊಮಾ ಮಾಡಿ ಸರ್ಟಿಫಿಕೇಟ್ ತಗೊಂಡಿದ್ದಾನೆ, ಅವನು ಸಂಬಳಕ್ಕೆ ಬರುತ್ತೇನೆ ಎಂದಿದ್ದಾನೆ. ಮೆಗ್ಗರ್, ಅರ್ಥ್ ಟೆಸ್ಟರ್, ಕರೆಂಟ್ ಅಳೆಯುವ ಟಾಂಗ್ ಟೆಸ್ಟರ್ ಇದೆಯಾ, ಅವು ಸರಿಯಾಗಿ ತೋರಿಸುತ್ತವೆ ಅನ್ನುವುದಕ್ಕೆ ಕ್ಯಾಲಿಬ್ರೇಷನ್ ಸರ್ಟಿಫಿಕೇಟ್ ಇದೆಯಾ ಎಂದು ಕೇಳಿದರು. ಮೆಗ್ಗರಿನದ್ದು ಅವಧಿ ಮುಗಿದಿತ್ತು. ಅದನ್ನು ಬೆಂಗಳೂರಿಗೆ ಕಳಿಸಿದ್ದೇನೆ.

ಹೋದ ವಾರ ಸಾವ್ಕಾರರ ಬೀಗರು ಫೋನ್ ಮಾಡಿದ್ದರು. ಕಲ್ಯಾಣದುರ್ಗದಲ್ಲಿ ಹುಣಸೆಹಣ್ಣಿನ ಕೋಲ್ಡ್ ಸ್ಟೋರೇಜ್ ಕಟ್ಟಿಸುತ್ತಾರಂತೆ, ವೈರಿಂಗ್ ನಾನೇ ಮಾಡಬೇಕಂತೆ. ಅಷ್ಟು ದೊಡ್ಡ ಲೋಡಿಗೆ 11 ಕೆವಿ ಲೈನು, ಸ್ವಂತ ಟ್ರಾನ್ಸ್‌ಫಾರ್ಮರ್ ಬರುತ್ತದೆ. ಅದನ್ನು ಚಾರ್ಜ್ ಮಾಡುವ ಮೊದಲು ಎಲೆಕ್ಟ್ರಿಕಲ್ ಇನ್‌ಸ್ಪೆಕ್ಟರ್ ಒಪ್ಪಿಗೆಯೂ ಬೇಕು. ಲೈಸೆನ್ಸ್ ಕೈಗೆ ಬಂದು, ಅದರಲ್ಲಿ ಅಷ್ಟು ದೊಡ್ಡ ಕೆಲಸಕ್ಕೆ ಅವಕಾಶ ಇದ್ದರೆ ಮಾಡುತ್ತೇನೆ, ಇಲ್ಲದಿದ್ದರೆ ಹಿರಿಯರ ನಂಬರ್ ಕೊಡುತ್ತೇನೆ, ಅಲ್ಲಿಯವರೆಗೆ ಒಂದು ಪೈಪೂ ಹಾಕಲ್ಲ ಎಂದೆ. ಯುಗಾದಿಯವರೆಗೆ ಕಾಯುತ್ತೇವೆ ಎಂದಿದ್ದಾರೆ. ಮೆಗ್ಗರ್ ಶುಕ್ರವಾರ ವಾಪಸ್ ಬರುತ್ತದೆ.